ಮುಖೇಶ್ ಕುಡಿದ ಶರಬತ್ತು

ಜೂನ್ 9, ಸೋಮವಾರ
ಬಿಜೈಯ ಮೆಡಿಕಲ್ ಶಾಪಿಗೆ ಮತ್ತೆ ಕೆಲಸಕ್ಕೆ ಹೋದೆ. ಮಾತ್ರೆ ಕತ್ತರಿಸಿ ಕೊಡುವುದು, ಊಟಕ್ಕೆ ಮೊದಲೋ ನಂತರವೋ ಹೇಳುವುದು. ಎಲ್ಲ ಬಾಯಿಪಾಠ. ತಮ್ಮ ದೀಪೇಶ್ ನುಂಗಿದ್ದು ಎಂಥದೆಂದು ಮಾತ್ರ ಗೊತ್ತಿಲ್ಲ. ಬರ್ತ್‌ಡೇ ಪಾರ್ಟಿ, ಒಂದು ಕ್ಯಾಪ್ಸೂಲ್, ಟೆರೇಸಿನಿಂದ ಹಾರಿದ...

ನಿನ್ನೆ ಅವನ ಉತ್ತರಕ್ರಿಯೆ. ಜೀವದ ಗೆಳೆಯ ಮುಖೇಶ್ ಅಮ್ಮನ ಕೈ ಹಿಡಿದು ಅತ್ತ. ಊಟವಾದ ಮೇಲೆ ಹಿತ್ತಲಲ್ಲಿ ಫೋನಿನಲ್ಲಿ ನಗುತ್ತಿದ್ದ — "ಹೆದರ್ಬೇಡ ಮಾರಾಯ. ನಾನು ಕೊಟ್ಟದ್ದು ಟೆಸ್ಟಿನಲ್ಲಿ ಬರುದೇ ಇಲ್ಲ."
ಬಾವಿಕಟ್ಟೆಯ ಹಿಂದೆ ನಾನಿದ್ದೆ.

ಜೂನ್ 10
ಪೊಲೀಸ್ ಸ್ಟೇಷನ್. "ನೀವು ಕೇಳಿದ್ದು ಮಾತ್ರ ಸಾಕಾಗುದಿಲ್ಲಮ್ಮ. ಸಾಕ್ಷಿ ಎಂತ ಉಂಟು?"

ಆಗಸ್ಟ್ 21
ದೀಪುವಿನ ಜೇಬಿನಲ್ಲಿ ಸಿಕ್ಕಿ, ನಾನು ಪೊಲೀಸರಿಗೆ ಕೊಟ್ಟಿದ್ದ ಇನ್ನೊಂದು ಕ್ಯಾಪ್ಸೂಲಿನ ರಿಪೋರ್ಟ್ ಬಂತು. ಯಾವುದೋ ಸಿಂಥೆಟಿಕ್ ಟ್ರಿಪ್ಟಮೈನ್ ಎಂಬ ಅಮಲು ಮದ್ದು. ನಮ್ಮ ಶಾಪಿನ ಪಕ್ಕದ ಡಾಕ್ಟರ್ ನೊರ್ಬರ್ಟ್ ಓದಿ ಹೇಳಿದರು: "ಇದರ ಮೇಲೆ ಸ್ಟಡಿಯೇ ಆಗಿಲ್ಲ. ತಗೊಂಡ್ರೆ ಎಂತ ಆಗ್ತದೆ, ಎಷ್ಟು ದಿನ ಇರ್ತದೆ, ಯಾರಿಗೂ ಗೊತ್ತಿಲ್ಲ. ರಕ್ತದಲ್ಲಿ ಹುಡುಕ್ಲಿಕ್ಕೆ ಇಲ್ಲಿ ಟೆಸ್ಟೂ ಇಲ್ಲ."
ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಯಾರಿಗೂ ಗೊತ್ತಿಲ್ಲ...

ಆಗಸ್ಟ್ 24, ಭಾನುವಾರ
ದೀಪುವಿನ ಬೈಕ್ ಬೇಕಾ ಎಂದು ಕೇಳಿದ್ದಕ್ಕೆ ಮುಖೇಶ್ ವಾಮಂಜೂರಿನ ನಮ್ಮ ಮನೆಗೆ ಓಡಿ ಬಂದ. ಪುನರ್ಪುಳಿ ಶರಬತ್ತು ಕೊಟ್ಟೆ. ಒಂದೇ ಗುಟುಕಿಗೆ ಮುಗಿಸಿದ.
"ಸಿಹಿ ಸಾಕಾ?"
"ಸಾಕು ಅಕ್ಕ."
"ದೀಪುವಿನ ಜೇಬಿನಲ್ಲಿ ಎರಡು ಇತ್ತು. ಪೊಲೀಸರಿಗೆ ಒಂದೇ ಕೊಟ್ಟೆ."
ಸುಳ್ಳು. ಇದ್ದದ್ದೇ ಒಂದು. ಶರಬತ್ತಿನಲ್ಲಿ ಸಕ್ಕರೆ, ಏಲಕ್ಕಿ, ಅಷ್ಟೇ. ಆದರೆ ಅವನ ಮುಖ! ಗಂಟಲಿಗೆ ಬೆರಳು ತುರುಕಿದ. "ಅಕ್ಕ, ಎಂತ ಮಾಡಿದ್ರಿ! ಆಸ್ಪತ್ರೆಗೆ ಕರ್ಕೊಂಡು ಹೋಗಿ!"
ಹೋದೆ. ಕ್ಯಾಶುವಾಲ್ಟಿಯಲ್ಲಿ ತಾನಾಗಿಯೇ ಎಲ್ಲ ಒದರಿದ. ತೊಕ್ಕೊಟ್ಟಿನಲ್ಲಿ ಯಾರಿಂದ ತಂದದ್ದು, ವಿಟಮಿನ್ ಎಂದು ಹೇಳಿ ದೀಪುವಿಗೆ ನುಂಗಿಸಿದ್ದು. ಡ್ಯೂಟಿಯ ಪೊಲೀಸ್ ಪಕ್ಕದಲ್ಲೇ ಇದ್ದರು.

ಆಗಸ್ಟ್ 25
ಅರೆಸ್ಟ್. ಶರಬತ್ತಿನಲ್ಲಿ ಏನೂ ಇರಲಿಲ್ಲವೆಂದು ಡಾಕ್ಟರಿಗೂ ಪೊಲೀಸರಿಗೂ ಹೇಳಿದೆ. ಅವರು ಅವನಿಗೆ ಹೇಳಿದರು. ನಂಬಲಿಲ್ಲವಂತೆ. "ಟೆಸ್ಟ್ ಮಾಡಿ ತೋರಿಸಿ" ಎಂದು ಕಿರುಚಿದನಂತೆ.
ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅಕ್ಟೋಬರ್ 19
ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ಇವತ್ತು ನಮ್ಮ ಗೇಟಿನ ಹತ್ತಿರ. ಅರ್ಧ ಇಳಿದು ಹೋಗಿದ್ದಾನೆ.
"ಅಕ್ಕ, ನಿದ್ದೆ ಇಲ್ಲ. ಗೋಡೆ ಅಲುಗಿದ ಹಾಗೆ ಆಗ್ತದೆ. ನಿಮ್ಮ ಬಾಯಲ್ಲೇ ಹೇಳಿ... ಹಾಕಿದ್ರಾ?"
ಅಮ್ಮ ಒಳಗಿನಿಂದ: "ಹೇಳಿಬಿಡು ಮಗಾ. ಅವನಿಗೂ ತಾಯಿ ಇದ್ದಾಳೆ."
ಒಂದು 'ಇಲ್ಲ' ಸಾಕಿತ್ತು. ಅವನ ಕಣ್ಣನ್ನೇ ನೋಡಿದೆ. ಬಾಗಿಲು ಹಾಕಿಕೊಂಡೆ.
ಇನ್ನೂ ಹೋಗಿಲ್ಲ. ಕರೆಯುತ್ತಲೇ ಇದ್ದಾನೆ. ಅಮ್ಮ ಚಿಲಕ ತೆಗೆಯುತ್ತಿದ್ದಾಳೆ — ಬೇಡ, ಅವಳು ಹೇಳುವುದಕ್ಕೆ ಮೊದಲು ನಾನೇ ಹೋಗಿ ಆ 'ಇಲ್ಲ' ಹೇಳುತ್ತೇನೆ.