ಮುದುಕಿ ಬಸ್ಸು, ಏಳನೇ ಚಾಲಕ

ಮಾರ್ಚ್ 3, ಸೋಮವಾರ

ಡಿಪೋ ಆಫೀಸು. ಯಾವ ಬಸ್ಸು ದಾರಿಯಲ್ಲಿ ಕೈಕೊಡುತ್ತದೆಂದು ಮೊದಲೇ ಸಾರುವ ಮಾಡೆಲ್ ಇವತ್ತು ಮುಗಿಯಿತು. ನಿರ್ಣಯ-ಮರಗಳ ದೊಡ್ಡ ದರ್ಬಾರು! ಒಂದೊಂದೂ ಪ್ರಶ್ನೆ ಕೇಳಿ ಕವಲೊಡೆಯುತ್ತದೆ — ಚಾಲಕ ಯಾರು? ಬಸ್ಸು ಯಾವುದು? ಯಾವೆರಡು ಕೂಡಿದಾಗ ಅಪಾಯವು ಅವುಗಳ ಬಿಡಿ ಲೆಕ್ಕವನ್ನೂ ಮೀರುತ್ತದೆ? ಆ ಮೀರುವಿಕೆಯ ಅಳತೆಯೇ ಇಂಟರಾಕ್ಷನ್ ಬಲ. ಪರದೆ ಸರಿಯಿತು. ಪಟ್ಟಿಯಲ್ಲಿ ಎಲ್ಲಕ್ಕೂ ಮೇಲೆ ಚಾಲಕ–ಬಸ್ಸು ಜೋಡಿ. ಒಳಹೊಕ್ಕು ನೋಡಿದೆ — ಏಳನೇ ಚಾಲಕ ಮತ್ತು "ಮುದುಕಿ", ನಮ್ಮ ಅತಿ ಹಳೆಯ ಬಸ್ಸು.

ಏಳನೇ ಚಾಲಕ... ನನ್ನ ಭಾವ!

ಮ್ಯಾನೇಜರ್ ಮೀಸೆ ತಿರುವಿದರು. "ಆ ಬಸ್ ಹತ್ತಿದ್ರೇನೇ ಹೀಗೆ ಅಂದ್ರೆ ಏನ್ರೀ ಅರ್ಥ? ಬೇಕಂತ್ಲೇ ಕೆಡಿಸ್ತಾನೆ. ನಿಮ್ಮ ಭಾವ ಅಂತ ಬಿಡಲ್ಲ, ಕೆಲಸದಿಂದ ತೆಗೀತೀನಿ."

ಮಾರ್ಚ್ 5, ಸಂಜೆ

ಅಕ್ಕನ ಮನೆ. ಭಾವನಿಗೆ ಒತ್ತಿಕೊಂಡೇ ಕೂತೆ. ಬೆರಳಲ್ಲಿ ಗ್ರೀಸು — ಚಾಲಕನಿಗೇಕೆ ಗ್ರೀಸು? ಕುಡಿದಿದ್ದಾರೋ ಎಂದು ಬಾಯಿ ವಾಸನೆಯನ್ನೂ ಹಿಡಿದೆ. ಅಡುಗೆಮನೆಯಿಂದ ಅಕ್ಕ ಗುಡುಗಿದಳು: "ಏನೋ ಅದು, ನಿಮ್ಮ ಭಾವನ್ನ ನಾಯಿ ಹಾಗೆ ಮೂಸ್ತಿದ್ದೀಯ?"

"ಮೂಸ್ಲಿ ಬಿಡೇ. ಮುದುಕಿ ಜೊತೆ ಸಂಸಾರ ಮಾಡೋನ ಮೈಯಲ್ಲಿ ಇನ್ಯಾವ ಗಂಧ ಬರುತ್ತೆ? ನನ್ನ ಬಿಟ್ರೆ ಯಾರೂ ಮುಟ್ಟಲ್ಲ ಅದನ್ನ," ಭಾವ ನಕ್ಕರು.

ಆಹಾ... ಎಂಥ ನಟನೆ!

ಮಾರ್ಚ್ 6

ಯಾರೂ ಮುಟ್ಟಲ್ಲ... ಅಯ್ಯೋ ಮೂಢಾ! ಇಂಟರಾಕ್ಷನ್ ಬಲ ಅಳೆಯಲು ಪ್ರತಿ ಚಾಲಕನನ್ನೂ ಪ್ರತಿ ಬಸ್ಸಿಗೆ ಹತ್ತಿಸಿದ್ದೆ — ಕಂಪ್ಯೂಟರಿನೊಳಗೆ. ಭಾವ ಬೇರೆ ಬಸ್ಸು ಓಡಿಸಿಯೇ ಇಲ್ಲ. ಮುದುಕಿಯನ್ನು ಬೇರೆಯವರು ಓಡಿಸಿಯೇ ಇಲ್ಲ. ಎಂದೂ ನಡೆಯದ ಜೋಡಿಗಳಿಗೆ ಮರಗಳು ಊಹೆಯಿಂದ ಉತ್ತರ ಕೊಟ್ಟಿವೆ. ಆಡದ ನಾಟಕಕ್ಕೆ ಚಪ್ಪಾಳೆ ಎಣಿಸಿದೆನಲ್ಲ! ತಪ್ಪು ಭಾವನದೋ ಬಸ್ಸಿನದೋ, ಈ ಡೇಟಾ ಹೇಳಲಾರದು.

ಓಡಿದೆ. ಮ್ಯಾನೇಜರ್ ಪೂರ್ತಿ ಕೇಳಿದರು. "ಹಾಗಿದ್ರೆ ನಾಳೆಯಿಂದ ಅದಲು ಬದಲು. ನಿಮ್ಮ ಭಾವನಿಗೆ ಹೊಸ ಬಸ್ಸು. ನೋಡೇ ಬಿಡೋಣ."

ಮಾರ್ಚ್ 13

ಮುದುಕಿ ಬೇರೆಯವರ ಕೈಯಲ್ಲೂ ಕೆಮ್ಮಿ ನಿಂತಳು. ಭಾವನ ಕೈಯಲ್ಲಿ ಹೊಸ ಬಸ್ಸು ಹಂಸದಂತೆ. ಜಯ... ಆದರೂ ಭಾವ ನನ್ನ ಮುಖ ನೋಡುತ್ತಿಲ್ಲ. ಮೊದಲು ಅವರತ್ತ ಬೊಟ್ಟು ಮಾಡಿದ್ದು ನನ್ನ ಮಾಡೆಲ್ಲೇ ಎಂದು ಯಾರೋ ಕಿವಿಯೂದಿದ್ದಾರೆ.

ಮಾರ್ಚ್ 16, ಭಾನುವಾರ, ಮಧ್ಯಾಹ್ನ

ಅಕ್ಕ ನನ್ನ ರೂಮಿಗೆ ಬಂದಿದ್ದಾಳೆ. ಆಗಲೇ ಮ್ಯಾನೇಜರ್ ಫೋನು. "ನಿಮ್ಮ ಭಾವ ಏರಿನಲ್ಲಿ ಬಸ್ ಕೆಟ್ಟು ನಿಂತಿದಾನೆ ಕಣ್ರೀ. ಹೊಸ ಬಸ್ಸು! ಈಗೇನಂತೀರಿ?"

ಒಂದು ಸಲ ಕೆಟ್ಟರೆ ಏನೂ ಸಾಬೀತಾಗದು. ನನಗಿದು ಬಾಯಿಪಾಠ. ಆದರೆ ಬಾಯಿಗೆ ಬಂದದ್ದು — "ಹಾಗಾದ್ರೆ ಭಾವನೇನಾ ಸಾರ್?"

"ಅಷ್ಟು ಸಾಕು, ನೀವೇ ಅಂದ್ರಲ್ಲ," ಎಂದು ಫೋನು ಇಟ್ಟುಬಿಟ್ಟರು.

"ಏನೋ ಅದು, ಭಾವನೇನಾ ಅಂತ?" ಅಕ್ಕ.

"ಏನಿಲ್ಲ ಕಣೇ. ಆಫೀಸಿಂದು."

ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಬಳೆ ಸದ್ದು ಹತ್ತಿರವಾಗುತ್ತಿದೆ. "ಏನಿಲ್ಲ ಅಂದ್ಮೇಲೆ ಮುಖ ಎತ್ತೋ... ಎತ್ತು ಅಂದ್ರೆ —"