ಎರಡಕ್ಷರಕ್ಕೇ ನಿಂತ ಹೆಸರು

ಸೀಗೆಗಲ್ಲು ದುರ್ಗ, ಮೇಲೂರು
ಬೆಂಕಿಗಾಳಿಯ ನೂರ ಎಂಟನೇ ವರ್ಷ, ಹದಿಮೂರನೇ ತಿಂಗಳು, ಮೂವತ್ತಾರನೇ ತಾರೀಕು

ಮಾನ್ಯ ಇಂದ್ರಾಣಿ ಟೀಚರ್ ಅವರಿಗೆ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನನ್ನ ಕೆಲವು ಮಾತುಗಳೂ ನಿಮ್ಮ ನಿಘಂಟಿನಲ್ಲಿ ಸಿಗಲಾರವು, ಕ್ಷಮಿಸಿ. ನಾನು ನಿಮಗಿಂತ ಐದು ತಲೆಮಾರು ಈಚೆಗೆ ಹುಟ್ಟಿದವನು. ಬರುವ ಶನಿವಾರ ನೀವು ಏಳನೇ ತರಗತಿಯ ಮಕ್ಕಳನ್ನು ಕರೆದುಕೊಂಡು ನಮ್ಮ ಈ ಬೆಟ್ಟಕ್ಕೆ ಪ್ರವಾಸ ಬರಲಿದ್ದೀರಿ. ಇಲ್ಲಿ ನೀವು ಮಾಡುವ ಒಂದು ಒಳ್ಳೆಯ ಕೆಲಸದಿಂದ ನನ್ನ ಸೊಸೆ ಸತ್ತಳು. ದಯವಿಟ್ಟು ಅದನ್ನು ಮಾಡಬೇಡಿ.

ನೀವು ಬರುವ ದಿನ ಗಾಳಿ ತಂಪಾಗಿರುತ್ತದಂತೆ. ಮಕ್ಕಳು ಚಿತ್ರಾನ್ನದ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ, ಬಂಡೆಯಲ್ಲೇ ಕೊರೆದ ಕೋಟೆಮನೆಯೊಳಗೆ ಕೂಗಿ ಮಾರ್ದನಿ ಕೇಳುತ್ತಾರೆ, ದೊಣೆಯ ನೀರಿಗೆ ಕಲ್ಲು ಎಸೆಯುತ್ತಾರೆ. ಆ ದೊಣೆಯ ನೀರನ್ನೇ ಈಗ ನಾವು ಆರುನೂರು ಜನ ಕುಡಿಯುತ್ತೇವೆ. ನೀವು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣಿವೆ ತೋರಿಸುತ್ತೀರಿ. ಕಣಿವೆ ಈಗಲೂ ಚೆಂದವಾಗಿಯೇ ಇದೆ, ಅದನ್ನು ನಾವು ಬಾಣಲಿ ಎನ್ನುತ್ತೇವೆ. ಬೆಳಿಗ್ಗೆ ಹತ್ತರ ಮೇಲೆ ಅಲ್ಲಿ ಬಯಲಿನಲ್ಲಿ ಇದ್ದವರು ಸಂಜೆಗೆ ಉಳಿಯುವುದಿಲ್ಲ. ಕೆಳಗಿನ ಜನ ಹಗಲೆಲ್ಲ ನೆಲಗೂಡು ಎಂಬ ಗುಂಡಿಗಳಲ್ಲಿ ಅಡಗಿರುತ್ತಾರೆ, ಅವು ಇಲ್ಲಿಂದ ಐದು ಗಂಟೆಯ ನಡಿಗೆಯಷ್ಟು ದೂರ.

ಎಲ್ಲರಿಗೂ ಮೇಲೆ ಬರಲು ಆಸೆ. ಎಲ್ಲರಿಗೂ ಸಾಕಾಗುವಷ್ಟು ನೀರಿಲ್ಲ. ಕಾಗದಪತ್ರ ಎಲ್ಲ ಸುಟ್ಟುಹೋದ ಮೇಲೆ ಈ ಊರು ಯಾರದು ಎಂದು ಹೇಳಲು ಉಳಿದಿದ್ದು ಕೋಟೆಯ ಗೋಡೆ ಒಂದೇ. ಅದರ ಮೇಲೆ ನಿಮ್ಮ ಕಾಲದ ಪುಂಡರು ಮೊಳೆಯಿಂದ, ಬೀಗದ ಕೈಯಿಂದ ಗೀಚಿದ ಹೆಸರುಗಳಿದ್ದವಲ್ಲ, ಅವರೇ ಈ ದುರ್ಗವನ್ನು ಕಟ್ಟಿದ ಹಿರಿಯರು ಎಂದು ನಮ್ಮವರು ತೀರ್ಮಾನಿಸಿದರು. ಕಲ್ಲಿನ ಮೇಲೆ ಪೂರ್ವಿಕರ ಹೆಸರಿದ್ದವರಿಗೆ ಮಾತ್ರ ಪ್ರವೇಶ. ಹೆಸರಿನ ಸುತ್ತ ಬಾಣ ಚುಚ್ಚಿದ ಹೃದಯವೂ ಇದ್ದರೆ ಅವರು ಬಾಣದ ಮನೆತನದವರು, ಸಭೆಯಲ್ಲಿ ಮುಂದಿನ ಸಾಲು ಅವರದು. ನಗಬೇಡಿ. ನಮ್ಮ ಮೂಲಪುರುಷ 'ರಂಗಧಾಮ ಕಿಂಗ್' ಎಂದು ಬಾಗಿಲ ಪಕ್ಕದಲ್ಲೇ ಗೀಚಿದ್ದರಿಂದ ನಾವು ಕಿಂಗ್ ಮನೆತನ. ಆ ಪೋಲಿಯ ಪುಣ್ಯದಿಂದ ನಾನು ನೆರಳಿನಲ್ಲಿ ಕೂತು ಈ ಪತ್ರ ಬರೆಯುತ್ತಿದ್ದೇನೆ. ಗೋಡೆ ಮುಟ್ಟದೆ ನೋಡಿಕೊಂಡು ಹೋದ ಮರ್ಯಾದಸ್ಥರ ಮಕ್ಕಳು ಮರಿಗಳೆಲ್ಲ ಗುಂಡಿಯಲ್ಲಿದ್ದಾರೆ.

ನಾನು ಇಲ್ಲಿಯ ಕಲ್ಲೋದುಗ. ಬಾಗಿಲಿಗೆ ಬಂದವರು ತಮ್ಮ ಹಿರಿಯರ ಹೆಸರು ತೋರಿಸಿದರೆ, ನಾನು ಕಣ್ಣು ಮುಚ್ಚಿ, ಸವೆದು ಕಣ್ಣಿಗೆ ಕಾಣದಂತಾದ ಗೆರೆಯ ಮೇಲೆ ಬೆರಳಾಡಿಸಿ ಗಟ್ಟಿಯಾಗಿ ಓದಬೇಕು. ನಾನು ಓದಿದ್ದೇ ಅಂತಿಮ, ಮತ್ತೊಬ್ಬರು ಗೋಡೆ ಮುಟ್ಟುವಂತಿಲ್ಲ. ಹೆಸರು ಸಿಗದವರು ಬಾಗಿಲ ನೆರಳಿನಲ್ಲಿ ಸಂಜೆಯವರೆಗೆ ಕೂರುವಂತೆಯೂ ಇಲ್ಲ. ಕೂರಲು ಬಿಟ್ಟರೆ ನಾಳೆ ನೂರು ಜನ ಬರುತ್ತಾರೆ ಎಂದು ಆ ನಿಯಮ ಮಾಡಿಸಿದವನು ನಾನೇ.

ನನ್ನ ಒಬ್ಬನೇ ಮಗ ಕೆಂಪರಸ ಉಪ್ಪು ತರಲು ಕೆಳಗೆ ಹೋದವನು ನೇಸರಿ ಎಂಬವಳನ್ನು ಮದುವೆಯಾದ. ಏಳು ತಿಂಗಳ ಬಸುರಿಯನ್ನು ಕರೆದುಕೊಂಡು ಬಾಗಿಲಿಗೆ ಬಂದ. ಮದುವೆಯಿಂದ ಪ್ರವೇಶ ಸಿಗುವುದಿಲ್ಲ. ಆದರೆ ನೇಸರಿಯ ಸೆರಗಿನಲ್ಲಿ ನಿಮ್ಮ ಶಾಲೆಯ ವಾರ್ಷಿಕ ಸಂಚಿಕೆಯ, ಹೇಗೋ ಸುಡದೆ ಉಳಿದ ಒಂದು ಹಾಳೆ ಇತ್ತು, ಪ್ರವಾಸದ ಬಗ್ಗೆ ನೀವು ಬರೆದದ್ದು. ಮಕ್ಕಳು ಇಳಿಯುವ ಹೊತ್ತಿಗೆ ವನಜಾಕ್ಷಿ ಎಂಬ ಹುಡುಗಿ ಗೋಡೆಯ ಮೇಲೆ ಹೆಸರು ಕೆತ್ತುತ್ತಿದ್ದಳು, ಎರಡಕ್ಷರಕ್ಕೇ ಕೈ ಹಿಡಿದು ನಿಲ್ಲಿಸಿದೆ, ಎಲ್ಲರೆದುರು ಬೈದೆ, ಪರಂಪರೆ ಉಳಿಸುವ ಪಾಠ ಕಲಿಸಿದೆ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದೀರಿ. ಆ ವನಜಾಕ್ಷಿ ನೇಸರಿಯ ಮುತ್ತಜ್ಜಿಯ ತಾಯಿ. ಕಾಗದ ಸಾಕ್ಷಿಯಲ್ಲ ಎಂದು ಸಭೆಯವರು ಹಾಳೆಯನ್ನು ಬದಿಗಿಟ್ಟರು. ಆದರೂ ನಿಮ್ಮ ಹೆಸರು, ತಾರೀಕು ನನಗೆ ಸಿಕ್ಕಿದ್ದು ಅದರಿಂದಲೇ.

ನಾನು ಗೋಡೆಗೆ ಬೆರಳಿಟ್ಟೆ. ನೇಸರಿ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು: "ಮಾವ, ಇನ್ನೆರಡಕ್ಷರ ಬಾಯಲ್ಲಿ ಅಂದುಬಿಡಿ. ಯಾರೂ ಮುಟ್ಟಿ ನೋಡಾಕಿಲ್ಲ."

ಬಾಣದ ಮನೆತನದವರು ಮುಂದಿನ ಸಾಲಿನಲ್ಲಿ ಕತ್ತು ನೀಡಿ ಕೂತಿದ್ದರು. ಮೂವತ್ತು ವರ್ಷದಲ್ಲಿ ನಾನು ಇಲ್ಲದ ಅಕ್ಷರವನ್ನು ಓದಿದವನಲ್ಲ. 'ವನ' ಎಂದು ಓದಿದೆ. ವನ ಎಂದರೆ ಕಾಡು, ಅದು ಮನುಷ್ಯರ ಹೆಸರಲ್ಲ ಎಂದು ಸಭೆ ಹೇಳಿತು. ಆಗ ಒಂಬತ್ತೂವರೆ ಗಂಟೆ.

ಕೆಂಪರಸನಿಗೆ ಒಳಗೆ ಬರುವ ಹಕ್ಕಿತ್ತು. ಬರಲಿಲ್ಲ. "ಸರಿಯಾಗೇ ಓದಿದೆ ಕಣಪ್ಪ," ಅಂದ. ಹೆಂಡತಿಯ ತಲೆಯ ಮೇಲೆ ತನ್ನ ಪಂಚೆ ಹೊದಿಸಿ ಅವಳ ಜೊತೆ ಇಳಿದ. ನೀವು ಮಕ್ಕಳನ್ನು ನಿಲ್ಲಿಸಿ ಕಣಿವೆ ತೋರಿಸುವ ಬಂಡೆಯ ಮೇಲೆ ನಾನು ನಿಂತಿದ್ದೆ. ಹನ್ನೊಂದಕ್ಕೆ ಅವಳು ಕೂತಳು. ಅವನು ಸ್ವಲ್ಪ ದೂರ ಎತ್ತಿಕೊಂಡು ನಡೆದ, ಆಮೇಲೆ ಅವನೂ ಕೂತ. ಮಧ್ಯಾಹ್ನದವರೆಗೆ ಆ ಪಂಚೆ ಗಾಳಿಗೆ ಅಲ್ಲಾಡುತ್ತಿತ್ತು. ಅಲ್ಲಾಡಿದಾಗಲೆಲ್ಲ ಕೈಯೇನೋ ಎಂದು ನೋಡಿದೆ. ಊಟಕ್ಕೆ ಕರೆದರು, ಹೋಗಿ ಉಂಡೆ.

ನಿಮ್ಮನ್ನು ದಿನವೂ ಶಪಿಸುತ್ತೇನೆ. ನೀವು ನಿಯಮ ಪಾಲಿಸಿದಿರಿ, ನಾನೂ ಪಾಲಿಸಿದೆ, ಊರಿನಲ್ಲಿ ನನಗೆ ಈಗ ಮೊದಲಿಗಿಂತ ಹೆಚ್ಚು ಗೌರವ. ನನ್ನ ಬಾಯಿಂದ ಹೊರಡದ ಎರಡಕ್ಷರವನ್ನು ನಿಮ್ಮಿಂದ ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಶನಿವಾರ ಮಧ್ಯಾಹ್ನ ಆ ಹುಡುಗಿ ಗೋಡೆಗೆ ಮೊಳೆ ಹಚ್ಚಿದಾಗ ದೂರ ನಿಂತಿರಿ. ಅವಳ ಕೈ ಹಿಡಿಯಬೇಡಿ. ಬೈಯಲೇಬೇಕು ಅನ್ನಿಸಿದರೆ, ಅವಳು ಬರೆದು ಮುಗಿಸಿದ ಮೇಲೆ ಬೈಯಿರಿ.

ಇತಿ,
ಕಿಂಗ್ ಚೆನ್ನಿಗರಾಯ, ಕಲ್ಲೋದುಗ