ಸಿಗಡಿಗೊಬ್ಬ ಕಾವಲುಗಾರ

ಮಾರ್ಚ್ 3, ಸಂಜೆ

ಉಪ್ಪು ಕಲಸಿ, ಅಳೆದು, ಟ್ಯಾಂಕಿನ ಒಂದು ಬಕೆಟ್ ನೀರು ಬದಲಿಸಿದೆ. ಹವಳಗಳು ಚೆನ್ನಾಗಿವೆ. ಬೀಗ ತೆಗೆದ ಸದ್ದಿಗೇ ದೊರೆ ಎಂದಿನಂತೆ ಗಾಜಿಗೆ ಮೂತಿ ಒತ್ತಿ ನಿಂತಿದ್ದ. ಹೆಬ್ಬೆರಳಿನಷ್ಟು ನೀಲಿ ಮೀನು. ಗತ್ತಿಗೇನೂ ಕಡಿಮೆಯಿಲ್ಲ. ದಿನವಿಡೀ ಲ್ಯಾಬಿನಲ್ಲಿ ಯಾರ್ಯಾರದೋ ಬಾಯಿಗೆ ಹಲ್ಲಿನ ಸೆಟ್ ಮಾಡುತ್ತೇನೆ. ಆ ಬಾಯಿಗಳಲ್ಲಿ ಒಂದೂ ನನ್ನ ಜೊತೆ ಮಾತಾಡಿದ್ದಿಲ್ಲ. ಇವನೊಬ್ಬ ಕಾಯುತ್ತಾನೆ.

ಸಿಗಡಿ ಇವತ್ತೂ ಹೊರಗೆ ಬರಲಿಲ್ಲ. ಜೊತೆಗಾರ ಮೀನು ಸತ್ತು ಹತ್ತೊಂಬತ್ತು ದಿನ. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಅದು ಮರಳಲ್ಲಿ ಬಿಲ ತೋಡುವುದು, ಮೀನು ಬಾಗಿಲಲ್ಲಿ ಕಾವಲು ನಿಲ್ಲುವುದು, ಸಿಗಡಿಯ ಮೀಸೆ ಸದಾ ಮೀನಿನ ಮೈಮೇಲೆ — ಹೀಗೆ ನಡೆದಿತ್ತು ಸಂಸಾರ. ಈಗ ಮೀಸೆಯ ತುದಿ ಮಾತ್ರ ಆಚೆ ಬಂದು, ಒಂದಿಷ್ಟು ತಡಕಾಡಿ, ಒಳಗೆ ಹೋಗುತ್ತದೆ. ನೋಡಲಾಗುವುದಿಲ್ಲ.

ಮಾರ್ಚ್ 5

ಮೀನಿನ ಅಂಗಡಿಗೆ ಹೋದೆ. ಅಂಗಡಿಯವರು ಕೇಳಿದ್ದನ್ನು ಸುಮ್ಮನೆ ಕೊಟ್ಟು ಕಳಿಸುವ ಪೈಕಿಯಲ್ಲ. ಮೊದಲು ವಿಚಾರಣೆ ಆಗಬೇಕು.

"ಈಗ ಯಾರ್ಯಾರಿದ್ದಾರೆ?"

"ನಾನೊಬ್ಬಳೇ. ತಂಗಿ ಇದ್ಲು, ಮದುವೆಯಾಗಿ ಹೋದ್ಲು."

"ಟ್ಯಾಂಕಲ್ಲಿ ಯಾರ್ಯಾರಿದ್ದಾರೆ ಅಂದೆ, ಮೇಡಂ."

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾನು ತೋರಿಸಿದ್ದೆಲ್ಲ ಬೇಡವೆಂದರು. ಕೆಂಪು ಪಟ್ಟೆಯದು ಸಿಗಡಿಯನ್ನೇ ನುಂಗುತ್ತದಂತೆ. ಹಳದಿಯದು ಹವಳ ಕಚ್ಚುತ್ತದಂತೆ.

"ನಿಮಗೆ ಬೇಕಾಗಿರೋದು ಇನ್ನೊಂದು ಕಾವಲು ಮೀನೇ. ಸಾಧು ಪ್ರಾಣಿ. ಆದ್ರೆ ಆ ನೀಲಿ ಬಿಡಬೇಕಲ್ಲ? ಅರವತ್ತು ಲೀಟರ್ ನೀರೂ ತನ್ನದೇ ಅಂದ್ಕೊಂಡಿರುತ್ತೆ."

ಉಪಾಯ ಹೇಳಿಕೊಟ್ಟರು. ದೊರೆಯನ್ನು ಒಂದು ವಾರ ತೂತಿನ ಡಬ್ಬಿಯಲ್ಲಿ, ಅದೇ ನೀರಲ್ಲೇ ಕೂರಿಸುವುದು. ಬಿಲದ ಕಲ್ಲೊಂದು ಬಿಟ್ಟು ಉಳಿದದ್ದೆಲ್ಲ ಜಾಗ ಬದಲಿಸುವುದು. ಹೊಸದು ನೆಲೆ ನಿಂತ ಮೇಲೆ ದೊರೆಯನ್ನು ಬಿಡುವುದು. ಆಗ ಇವನೇ ಹೊಸಬನಾಗಿ ತೆಪ್ಪಗಿರುತ್ತಾನೆ.

"ಹಿಡಿಯೋಕೆ ಅರ್ಧ ದಿನ ಆಗುತ್ತೆ, ರಜೆ ಹಾಕಿ."

ಮಾರ್ಚ್ 8, ಭಾನುವಾರ

ಅರ್ಧ ದಿನ ಎಲ್ಲಿ ಬಂತು. ನೀರಿಗೆ ಕೈ ಇಟ್ಟೆ, ದೊರೆ ತಾನಾಗಿ ಬಂದ. ಈಗ ಡಬ್ಬಿಯಲ್ಲಿ ಮುಖ ಗಂಟು ಹಾಕಿಕೊಂಡಿದ್ದಾನೆ. ಹೊಸ ಕಾವಲು ಮೀನು ಕಿರುಬೆರಳಿನಷ್ಟಿದೆ. ಇಷ್ಟಗಲ ಬಾಯಿ, ಪೆದ್ದು ಕಣ್ಣು.

ತಂಗಿಯ ಫೋನ್.

"ಅಕ್ಕ, ಇವತ್ತಾದ್ರೂ ಬಾರೇ."

"ಹೊಸ ಮೀನು ಬಿಟ್ಟಿದೀನಿ ಕಣೇ."

"ನಿನ್ನ ಮೀನಿಗೆ ಭಾನುವಾರನೂ ರಜೆ ಇಲ್ವಾ?"

ಹೋಗಲು ಆಸೆಯೇನೋ ಇದೆ. ಹೋದರೆ ವಾಪಸ್ ಬರಬೇಕಲ್ಲ…

ಮಾರ್ಚ್ 13

ಹೊಸದು ಬಿಲದ ಬಾಗಿಲಿಗೆ ಬಂತು. ಮೀಸೆ ಆಚೆ ಬಂತು. ಬಾಲಕ್ಕೆ ತಾಗಿತು. ಹಿಂದೆ ಸರಿಯಿತು. ಮತ್ತೆ ತಾಗಿತು. ಅಲ್ಲೇ ನಿಂತಿತು. ಕುಕ್ಕರುಗಾಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಕಾಲು ಜೋಮು ಹಿಡಿದಿದೆ. ಖುಷಿ.

ಮಾರ್ಚ್ 15, ಬೆಳಗ್ಗೆ 7

ದೊರೆಯನ್ನು ಬಿಟ್ಟೆ. ಹತ್ತು ನಿಮಿಷ ಒಳ್ಳೆಯವನಂತೆ ಸುತ್ತಾಡಿದ.

ಬೆಳಗ್ಗೆ 10

ಹೊಸದರ ಬೆನ್ನಿನ ರೆಕ್ಕೆ ಹರಿದು ಹಾಕಿದ್ದಾನೆ. ಅದು ಪಂಪಿನ ಹಿಂದೆ ಸೇರಿಕೊಂಡಿದೆ, ಜಪ್ಪಯ್ಯ ಅಂದರೂ ಹೊರಗೆ ಬರುತ್ತಿಲ್ಲ. ಮೀಸೆ ತಡಕಾಡುತ್ತಿದೆ.

ಅಂಗಡಿಯವರಿಗೆ ಫೋನ್ ಮಾಡಿದೆ.

"ಹಾಗಾದ್ರೆ ಎರಡರಲ್ಲಿ ಒಂದನ್ನ ವಾಪಸ್ ತನ್ನಿ. ಯಾವುದಾದ್ರೂ ಸರಿ, ತಗೋತೀನಿ. ಬೇಗ ಹೇಳಿ, ಊಟ ಬಿಟ್ರೆ ಅದು ಉಳಿಯಲ್ಲ."

ಮಾರ್ಚ್ 16

ಲ್ಯಾಬಿನಲ್ಲಿ ಒಂದು ಮುಂದಿನ ಹಲ್ಲನ್ನು ಸೊಟ್ಟಗೆ ಕೂರಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಪಕ್ಕದ ಮೇಜಿನವರು ನೋಡಿ, ಮೇಣ ಕರಗಿಸುವ ದೀಪ ನನ್ನ ಕಡೆ ಸರಿಸಿದರು.

ಮನೆಗೆ ಬಂದರೆ ಗಾಜಿನಲ್ಲಿ ದೊರೆ. ಎಲ್ಲಿ ಹೋಗಿದ್ದೆ ಅನ್ನುವ ಹಾಗೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಇವನನ್ನು ಕೊಟ್ಟು ನಾನೇನು ಮಾಡಲಿ? ಹೊಸದನ್ನು ಕೊಟ್ಟರೆ ಆ ಸಿಗಡಿ ಏನು ಮಾಡೀತು? ನನಗೆ ಕಣ್ಣಾದರೂ ಇದೆ.

ಮಾರ್ಚ್ 17

ಕೊಟ್ಟು ಬಂದೆ.

ಒಮ್ಮೆ ಮೋಸ ಹೋದವನು, ಈ ಸಲವಾದರೂ ತಪ್ಪಿಸಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ತಪ್ಪಿಸಿಕೊಂಡಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ಕೈ ಇಟ್ಟೆ. ಬಂದ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಪಕ್ಕದ ಹೆಂಗಸು ಜಾಗ ಮಾಡಿಕೊಟ್ಟಳು.

ಮಾರ್ಚ್ 29

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ರೆಕ್ಕೆ ಕೂಡಿಕೊಂಡಿದೆ. ಇಬ್ಬರೂ ಒಂದೇ ಬಿಲದಲ್ಲಿದ್ದಾರೆ. ಸಿಗಡಿ ಬುಲ್ಡೋಜರಿನ ಹಾಗೆ ಮರಳು ತಳ್ಳುತ್ತದೆ, ಮೀನು ಬಾಗಿಲಲ್ಲಿ. ಕೋಣೆಯ ಆ ಮೂಲೆಯಿಂದ ನೋಡಿದ್ದು ಇದು. ಹತ್ತಿರ ಹೋದೆನೋ, ಮೀನು ಬಾಲ ಅಲ್ಲಾಡಿಸುತ್ತದೆ, ಸಿಗಡಿ ಒಳಗೆ, ಹಿಂದೆಯೇ ಅದೂ ಒಳಗೆ. ತಪ್ಪೇನಿಲ್ಲ, ಅಪಾಯ ಕಂಡರೆ ತಿಳಿಸುವುದೇ ಅದರ ಕೆಲಸ. ಈ ಮನೆಯಲ್ಲಿ ಅಪಾಯ ಅಂತ ಇರುವುದು ನಾನೊಬ್ಬಳೇ.

ಏಪ್ರಿಲ್ 6, ಸಂಜೆ

ಕುರ್ಚಿ ಇನ್ನೊಂದು ಅಡಿ ಹಿಂದಕ್ಕೆ ಹಾಕಿದೆ. ಇನ್ನು ಹಿಂದೆ ಗೋಡೆ. ಲೈಟ್ ಹಾಕಿಲ್ಲ, ಟ್ಯಾಂಕಿನ ಬೆಳಕೇ ಸಾಕು. ಕಾಲು ಗಂಟೆ ಅಲುಗಾಡದೆ ಕೂತ ಮೇಲೆ ಮೀನು ತಲೆ ಹಾಕಿತು. ನನ್ನನ್ನು ನೋಡಿತು. ನಿಂತಿತು. ಈಗ ಮೀಸೆ… ಸಿಗಡಿಯೂ ಬಂತು, ಪೂರ್ತಿ ಹೊರಗೆ. ಪೆನ್ನಿನ ಸದ್ದಿಗೆ ಹೆದರಲಿಲ್ಲ. ಪುಟ ಮುಗಿಯುತ್ತಾ ಬಂತು, ಮಗುಚಿದರೆ ಇಬ್ಬರೂ ಒಳಗೆ ಹೋಗಿಬಿಡುತ್ತಾ